ಅರವತ್ತೆರಡು ಚಾಕು, ಅರವತ್ತೆರಡು ಚೀಟಿ

ಓರ್ಬಿನ್ ಟೀಗ್ ಜನವರಿಯಲ್ಲಿ ಸತ್ತ. ಮಂಗಳವಾರ ಬೆಳಗ್ಗೆ ಒಲೆಗೆ ಸೌದೆ ತರಲು ಹೋದವನು ಜಗಲಿಯ ಮೆಟ್ಟಿಲ ಮೇಲೆ ಕೂತ, ಮತ್ತೆ ಏಳಲಿಲ್ಲ. ಚರ್ಚಿನವರು ಬಂದರು, ಬೇಯಿಸಿದ್ದು ತಂದರು, ಹಾಡಿದರು, ಹೂಳಿದರು. ಎರಡು ವಾರ ಕಳೆದ ಮೇಲೆ ತಮ್ಮ ತಮ್ಮ ಪಾತ್ರೆಗಳನ್ನೂ ವಾಪಸು ತೆಗೆದುಕೊಂಡು ಹೋದರು. ಜೆಲ್ಲಾ ಉಳಿದಳು. ಚಾಕುಗಳು ಉಳಿದವು.

ಅರವತ್ತೆರಡು ಚಾಕು. ಎಲ್ಲವೂ ಜೇಬಿನಲ್ಲಿಡುವ ಮಡಚುಚಾಕುಗಳು. ಎಲ್ಲದರ ಮೇಲೂ ಯಾವುದೋ ಒಂದು ಅಂಗಡಿಯ ಹೆಸರು. ಹಿಂದೆ ಟೆನ್ನೆಸ್ಸಿಯ ಒಂದೊಂದು ಊರಿನ ಹಾರ್ಡ್‌ವೇರ್ ಅಂಗಡಿಯೂ ಅಲಗಿನ ಬುಡಕ್ಕೆ ತನ್ನ ಹೆಸರು ಒತ್ತಿಸಿಕೊಂಡು ಚಾಕು ಮಾರುತ್ತಿತ್ತು. ಅಂಗಡಿಯವನು ಚಾಕು ಮಾಡಿದವನಲ್ಲ. ಮಾಡಿದ್ದು ಎಲ್ಲೋ ಉತ್ತರದ ಕಾರ್ಖಾನೆ, ಹೆಸರು ಮಾತ್ರ ಇವನದು. ಹೆಸರಿನ ಹಿಂದೆ ಇರುವ ಕೈ ಯಾರದು ಅಂತ ಕಂಡುಹಿಡಿಯುವುದೇ ಓರ್ಬಿನ್‌ನ ಹುಚ್ಚು. ಮರದ ಮಿಲ್ಲಿನಲ್ಲಿ ವಾರವೆಲ್ಲ ದುಡಿದು, ಶನಿವಾರ ಕೋರ್ಟಿನ ಕಟ್ಟೆಯ ಮೇಲೆ ಕೂತು, ಉಳಿದ ಗಂಡಸರ ಜೊತೆ ಚಾಕು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮೂವತ್ತೆಂಟು ವರ್ಷ ಹೀಗೇ ಕಳೆಯಿತು. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅರವತ್ತೆರಡರಲ್ಲಿ ಒಂದೂ ಉಳಿಯಲಿಲ್ಲ. ಒಂದು ಕಟ್ಟಡದಲ್ಲಿ ಈಗ ಹಾಸಿಗೆ ಮಾರುತ್ತಾರೆ, ಅಷ್ಟೆ.

ಹೋದ ಶರತ್ಕಾಲದಲ್ಲಿ ಲೈಬ್ರರಿಯ ಮಿಸ್ ನೆಟಿ ಒಂದು ಗಾಜಿನ ಪೆಟ್ಟಿಗೆ ಕೊಡುತ್ತೇನೆ ಅಂದಿದ್ದಳು. ಪ್ರತಿ ಚಾಕುವಿನ ಕೆಳಗೆ ಓರ್ಬಿನ್ ಬರೆದಿಟ್ಟ ಅದರ ಚೀಟಿ ಇಟ್ಟು, ಮೇ ತಿಂಗಳಲ್ಲಿ ಜನಕ್ಕೆ ತೋರಿಸುವುದು. ಓರ್ಬಿನ್ ಅವತ್ತು ಎರಡು ಸಲ ಟೋಪಿ ತೆಗೆದು ಹಾಕಿಕೊಂಡಿದ್ದ. ಅವನಿಗೆ ಸಂತೋಷವಾದರೆ ಅಷ್ಟೇ ಕಾಣುತ್ತಿದ್ದದ್ದು.

ಮಾರ್ಚಿ ಬಂತು. ಮಾರ್ಚಿಯಲ್ಲಿ ಅವನು ಚಾಕುಗಳನ್ನು ತೊಗಲಿನ ಸುರುಳಿಗಳಿಂದ ತೆಗೆದು ಎಣ್ಣೆ ಹಚ್ಚುತ್ತಿದ್ದ. ತೊಗಲು ಬೆವರುತ್ತದೆ, ಅಲಗಿಗೆ ತುಕ್ಕು ಹಿಡಿಸುತ್ತದೆ ಅಂತ ಪ್ರತಿ ವರ್ಷ ಹೇಳುತ್ತಿದ್ದ. ಹಾಗಾದರೆ ತೊಗಲಿನಲ್ಲಿ ಯಾಕಿಡುತ್ತೀಯ ಅಂತ ಜೆಲ್ಲಾ ಪ್ರತಿ ವರ್ಷ ಕೇಳುತ್ತಿದ್ದಳು. ಈ ವರ್ಷ ಅವಳೇ ಅಡುಗೆಮನೆಯ ಮೇಜಿನ ಮೇಲೆ ಟವಲು ಹಾಸಿ, ಸುರುಳಿ ಬಿಚ್ಚಿದಳು. ಒಂದೊಂದು ಚಾಕುವಿನ ಜೊತೆಗೂ ಒಂದು ಮಡಚಿದ ಚೀಟಿ ಇತ್ತು. ಎಣ್ಣೆ ತಾಗಿದರೆ ಚೀಟಿ ಕೆಡುತ್ತದೆ ಅಂತ ಎಲ್ಲವನ್ನೂ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. ಚಾಕುಗಳನ್ನು ಟವಲಿನ ಮೇಲೆ ಸಾಲಾಗಿ ಇಟ್ಟಳು. ಒರೆಸಿದಳು. ಮಧ್ಯಾಹ್ನವಿಡೀ ಅದೇ ಕೆಲಸ. ಮನಸ್ಸಿಗೆ ಹಿತವಾಯಿತು.

ಆಮೇಲೆ ಡಬ್ಬಿ ತೆಗೆದು ಮೊದಲನೆಯ ಚೀಟಿ ಬಿಡಿಸಿದಳು.

"ಹೊಳೆ. ಉಗುರುಗಚ್ಚು ಉದ್ದ. ಎಬ್ ಟಾಲಿವರ್ ಹತ್ತಿರ, ಎರಡು ಜಾಡಿ ಜೋನಿಬೆಲ್ಲಕ್ಕೆ."

ಎರಡನೆಯದು: "ಗುಡ್ಡ. ಬಿಲ್ಲೆಗೆ ಎರಡು ಮೊಳೆ. ಹರಾಜಿನಲ್ಲಿ, ಮಳೆ ದಿನ."

ಯಾವುದರಲ್ಲೂ ಅಂಗಡಿಯ ಹೆಸರಿಲ್ಲ. ಹೆಸರು ಚಾಕುವಿನ ಮೇಲೇ ಇದೆಯಲ್ಲ, ಎರಡನೇ ಸಲ ಯಾಕೆ ಬರೆಯಬೇಕು? ಓರ್ಬಿನ್ ಮಾತಿನಲ್ಲೂ ಹಾಗೆಯೇ, ಬರಹದಲ್ಲೂ ಹಾಗೆಯೇ. ಜೆಲ್ಲಾ ಟವಲಿನ ಮೇಲಿನ ಸಾಲು ನೋಡಿದಳು. ಯಾವ ಚೀಟಿ ಯಾವ ಚಾಕುವಿನದು? ಮೂವತ್ತೆಂಟು ವರ್ಷದ ಕೆಲಸವನ್ನು ಅವಳು ಒಂದು ಮಧ್ಯಾಹ್ನದಲ್ಲಿ ಡಬ್ಬಿಗೆ ಸುರಿದು ಕಲಸಿಬಿಟ್ಟಿದ್ದಳು.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಕಾಫಿ ಕುಡಿದು ಮೇಜಿಗೆ ಕೂರುತ್ತಿದ್ದಳು, ಬೆಳಕು ಹೋಗುವ ತನಕ. ಹನ್ನೊಂದು ಹೊಂದಿಸಿದಳು. ಹನ್ನೊಂದರಲ್ಲಿ ಎಷ್ಟು ಸರಿ ಅಂತ ಅವಳಿಗೇ ಗೊತ್ತಿರಲಿಲ್ಲ. ಆರನೇ ತರಗತಿಯ ತನಕ ಓದಿದವಳು. ಚಾಕು ಅಂದರೆ ಆಲೂಗಡ್ಡೆ ಸಿಪ್ಪೆ ತೆಗೆಯುವುದಷ್ಟೇ ಅವಳಿಗೆ.

ಐದನೇ ದಿನ ಹೋಬರ್ಟ್ ಪ್ರೂಯಿಟ್ ಬಂದ. ಕೋರ್ಟಿನ ಕಟ್ಟೆಯ ಮೇಲೆ ಓರ್ಬಿನ್‌ನ ಪಕ್ಕ ಕೂರುತ್ತಿದ್ದವನು ಇವನೇ. ಮಿಲ್ಲಿನಲ್ಲೂ ಇಬ್ಬರೂ ಒಂದೇ ಗರಗಸದ ಪಕ್ಕ ಮೂವತ್ತು ವರ್ಷ ನಿಂತವರು. ಹೆಂಡತಿ ಕರಿದ ಸೇಬಿನ ಕಡುಬು ಕಾಗದದಲ್ಲಿ ಸುತ್ತಿ ತಂದಿದ್ದ. ಬಾಗಿಲಲ್ಲೇ ಮೇಜು ನೋಡಿದ.

"ಏನಮ್ಮ ಇದು, ಅಂಗಡಿ ಹಾಕಿದ್ದೀಯಾ?"

"ಒಳಗೆ ಬಾ. ಕಾಲು ಒರೆಸ್ಕೊ."

"ಇಲ್ಲಿ ಚೀಟಿಗಳು ಇದ್ವಲ್ಲ. ಎಲ್ಲಿ?"

ಜೆಲ್ಲಾ ಡಬ್ಬಿ ತೋರಿಸಿದಳು. ಹೋಬರ್ಟ್ ಡಬ್ಬಿಯೊಳಗೆ ಬಗ್ಗಿ ನೋಡಿದ. ಮೇಜು ನೋಡಿದ. ಮತ್ತೆ ಡಬ್ಬಿ ನೋಡಿದ.

"ಅಯ್ಯೋ ದೇವರೇ. ಎಲ್ಲಾ?"

"ಎಲ್ಲಾ."

"ಓರ್ಬಿನ್ ಈಗ ಅಲ್ಲಿ ಮೇಲೆ ಬೋಳುತಲೆ ಹಿಡ್ಕೊಂಡು ಕೂತಿರ್ತಾನೆ ನೋಡು."

"ಕೂತ್ಕೊಳ್ಳಲಿ. ಬದುಕಿದ್ದಾಗ ಚೀಟೀಲಿ ಹೆಸರು ಬರೆದಿದ್ರೆ ಏನು ಕಳ್ಕೊಳ್ತಿದ್ದ? ಪೆನ್ಸಿಲ್ ಸವೀತಿತ್ತಾ?"

ಹೋಬರ್ಟ್ ನಕ್ಕ. ಆಮೇಲೆ ನಗು ನಿಲ್ಲಿಸಿ ಕುರ್ಚಿ ಎಳೆದುಕೊಂಡ. "ಕಟ್ಟೆ ಮೇಲೆ ಹೇಳಬೇಡ," ಅಂದಳು ಜೆಲ್ಲಾ. "ಹೇಳಲ್ಲ," ಅಂದ ಹೋಬರ್ಟ್. "ಆದ್ರೆ ಬಾಯಿ ಮುಚ್ಕೊಂಡಿರೋಕೆ ದಿನಾ ಮಧ್ಯಾಹ್ನ ಬೀನ್ಸು, ಬ್ರೆಡ್ಡು ಬೇಕಾಗುತ್ತೆ."

ಹೀಗೆ ಶುರುವಾಯಿತು.

ಮೊದಲ ದಿನ ಹೋಬರ್ಟ್ ಒಂದು ಚಾಕು ಬಿಚ್ಚಿ ಅವಳ ಕೈಗಿಟ್ಟ. ಅವಳು ನೋಡಿ, ಮಡಚಿ ವಾಪಸು ಕೊಟ್ಟಳು. ಅವನು ಕೈ ಹಿಂದಕ್ಕೆಳೆದುಕೊಂಡ.

"ಬಿಚ್ಚಿ ಕೊಟ್ಟದ್ದನ್ನ ಬಿಚ್ಚೇ ಕೊಡಬೇಕು. ಇಷ್ಟು ವರ್ಷ ಅವನ ಜೊತೆ ಇದ್ದು ಇದೂ ಕಲೀಲಿಲ್ವಾ?"

"ಮಡಚಿದ್ರೆ ಏನಾಗುತ್ತೆ?"

"ಕೇಡು."

"ಆಗೋ ಕೇಡು ಆಗಿಹೋಗಿದೆ," ಅಂದಳು ಜೆಲ್ಲಾ. ಆದರೂ ಬಿಚ್ಚಿ ಕೊಟ್ಟಳು.

ಅವನು ಹೇಳಿಕೊಟ್ಟ, ಅವಳು ಕಲಿತಳು. ಕಟ್ಟೆಯ ಗಂಡಸರಿಗೆ ಕಾರ್ಖಾನೆಗಳ ಉದ್ದನೆಯ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ. ಅವರೇ ಹೆಸರಿಟ್ಟುಕೊಂಡಿದ್ದರು: ಹೊಳೆಯ ದಡದ್ದು ಹೊಳೆ, ಗುಡ್ಡದ ಮೇಲಿನದು ಗುಡ್ಡ, ಜರ್ಮನಿಯಿಂದ ಬಂದ ಇಬ್ಬರು ನಡೆಸಿದ್ದು ಅಣ್ಣತಮ್ಮ. ಮೂರರಲ್ಲೇ ಹೆಚ್ಚುಕಡಿಮೆ ಎಲ್ಲಾ ಬರುತ್ತಿತ್ತು. ಹಿಡಿಗೆ ಹಾಕಿದ ದನದ ಮೂಳೆಯನ್ನು ಹೊಳೆಯವರು ಹುಳ ಕೊರೆದ ಹಾಗೆ ಕೊರೆಯುತ್ತಿದ್ದರು. ಗುಡ್ಡದವರದು ಕೋಳಿ ಕೆದರಿದ ಹಾಗೆ. ಅಣ್ಣತಮ್ಮಂದಿರದು ಒಂದೇ ಅಳತೆಯ ಸಾಲು, ಉತ್ತು ಬಿಟ್ಟ ಹೊಲದ ಹಾಗೆ. ಒಳಗಿನ ತಗಡು ಹಿತ್ತಾಳೆಯೋ ಕಬ್ಬಿಣವೋ, ಹಿಡಿಯ ಮೇಲಿನ ಬಿಲ್ಲೆಗೆ ಮೊಳೆ ಇದೆಯೋ ಇಲ್ಲವೋ, ಉಗುರು ಹಾಕಿ ಬಿಚ್ಚುವ ಕಚ್ಚು ಎಷ್ಟುದ್ದ. ಒಂದೊಂದೇ.

ಹೋಬರ್ಟ್ ಕಾರ್ಖಾನೆ ಹೇಳಿದರೆ ಅರ್ಧ ಕೆಲಸ. ಉಳಿದರ್ಧ ಜೆಲ್ಲಾಳದು. ಚೀಟಿಯಲ್ಲಿ ಯಾರಿಂದ ಬಂತು ಅಂತ ಇತ್ತಲ್ಲ. ಆ ತಿರುಗಾಟಕ್ಕೆಲ್ಲ ಅವಳೂ ಹೋದವಳು. ಓರ್ಬಿನ್ ಯಾರದೋ ಕೊಟ್ಟಿಗೆಯಲ್ಲಿ ಚಾಕು ನೋಡುತ್ತಿದ್ದರೆ ಅವಳು ಟ್ರಕ್ಕಿನಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಚಾಕು ನೋಡಿದವಳಲ್ಲ. ದಾರಿ ಗೊತ್ತು, ಊರು ಗೊತ್ತು, ಮನೆಯ ಹೆಂಗಸು ಕುಡಿಯಲು ಏನು ಕೊಟ್ಟಳು ಅಂತ ಗೊತ್ತು.

"ಮಳೆ ದಿನದ ಹರಾಜು," ಅಂತ ಹೋಬರ್ಟ್ ಚೀಟಿ ಓದಿದ. "ಮಳೆ ದಿನ ಅಂದ್ರೆ ಯಾವುದು ತಗೊಳ್ಳೋದು? ಟೆನ್ನೆಸ್ಸೀಲಿ ಮಳೆ ಒಂದೇ ಸಲ ಬಂದಿದ್ಯಾ?"

"ಸ್ಯಾರೆಲ್ ಕ್ರೀಕ್. ಟ್ರಕ್ಕು ಕೆಸರಲ್ಲಿ ಸಿಕ್ಕಿಹಾಕ್ಕೊಂಡಿತ್ತು. ನನ್ನ ಚರ್ಚಿನ ಬೂಟು ಹೋಯ್ತು."

"ಹಾಗಾದ್ರೆ ಸ್ಯಾರೆಲ್ ಕ್ರೀಕಿನ ಕಡೆ ಅಂಗಡಿ, ಗುಡ್ಡದ ಚಾಕು." ಅವನು ಬೆರಳು ಆಡಿಸಿ ಒಂದನ್ನು ಎತ್ತಿದ. "ಇದು. ನಿನ್ನ ಬೂಟಿಗೆ ಬಂದ ಚಾಕು."

"ಕೆಟ್ಟ ವ್ಯಾಪಾರ."

ಹತ್ತು ದಿನದಲ್ಲಿ ನಲವತ್ತಾಯಿತು. ಹೋಬರ್ಟ್‌ನ ಕಣ್ಣಿಗೂ ಕೆಲವು ಸಿಗಲಿಲ್ಲ. ತಿಕ್ಕಿ ತಿಕ್ಕಿ ಮೂಳೆ ನುಣ್ಣಗಾಗಿದ್ದವು, ಬಿಲ್ಲೆ ಬಿದ್ದುಹೋಗಿದ್ದವು. ಅಂಥದೊಂದನ್ನು ಅವನು ತಿರುಗಿಸಿ ನೋಡಿ ಸುಮ್ಮನೆ ಮಡಚಿದ. ಒಲೆಯ ಹತ್ತಿರ ಬ್ರೆಡ್ಡು ನೋಡುತ್ತಿದ್ದ ಜೆಲ್ಲಾ ತಿರುಗದೆಯೇ ಹೇಳಿದಳು:

"ಅದು ಅಣ್ಣತಮ್ಮ."

"ನೀನು ನೋಡೇ ಇಲ್ವಲ್ಲ!"

"ಕೇಳಿಸ್ತಲ್ಲ."

"ಏನು ಕೇಳಿಸ್ತು?"

ಜೆಲ್ಲಾ ಬಂದು ಮೂರು ಚಾಕು ತೆಗೆದುಕೊಂಡು ಒಂದೊಂದಾಗಿ ಮಡಚಿದಳು. ಹೊಳೆಯದು ಒಣ ಕಡ್ಡಿ ಮುರಿದ ಹಾಗೆ. ಗುಡ್ಡದ್ದು ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ. ಅಣ್ಣತಮ್ಮಂದಿರದು ನಾಲಿಗೆಯಲ್ಲಿ ಲೊಚಗುಟ್ಟಿದ ಹಾಗೆ. ಮೂವತ್ತೆಂಟು ವರ್ಷ ಊಟವಾದ ಮೇಲೆ ಓರ್ಬಿನ್ ಕುರ್ಚಿಯಲ್ಲಿ ಕೂತು ಟಕ್ ಟಕ್ ಮಾಡುತ್ತಿದ್ದ. ಅವಳು ಪಾತ್ರೆ ತೊಳೆಯುತ್ತ, ನಿಲ್ಲಿಸೋ ಮಾರಾಯ, ತಲೆ ಸಿಡೀತಿದೆ ಅಂತ ಕೂಗುತ್ತಿದ್ದಳು. ಅವನು ಹೊಳೆ, ಗುಡ್ಡ ಅಂತ ಆಯಾ ಚಾಕುವಿನ ಹೆಸರು ಗಟ್ಟಿಯಾಗಿ ಹೇಳಿಕೊಂಡು ಮಡಚುತ್ತಿದ್ದ. ಯಾರೂ ಕಲಿಸದೆ ಅವಳ ಕಿವಿ ಕಲಿತುಬಿಟ್ಟಿತ್ತು.

ಹೋಬರ್ಟ್ ಮೂರನ್ನೂ ಕಿವಿಯ ಹತ್ತಿರ ಹಿಡಿದು ಮಡಚಿದ. ತಲೆ ಅಲ್ಲಾಡಿಸಿದ.

"ನನಗೆಲ್ಲಾ ಒಂದೇ. ಗರಗಸ ನನ್ನ ಕಿವಿ ಯಾವತ್ತೋ ತಿಂದ್ಹಾಕ್ತು."

ಆಮೇಲೆ ಕೆಲಸ ಓಡಿತು. ಅವನ ಕಣ್ಣು, ಅವಳ ಕಿವಿ. ಏಪ್ರಿಲ್ ಕೊನೆಗೆ ಅರವತ್ತೊಂದು ಹೊಂದಿದವು. ಉಳಿದದ್ದು ಒಂದು ಚಾಕು, ಒಂದು ಚೀಟಿ.

"ಮುಗೀತು," ಅಂದ ಹೋಬರ್ಟ್. "ಉಳಿದದ್ದು ಉಳಿದದ್ದಕ್ಕೆ. ಓದು."

"ಹೊಳೆ. ಮೂಳೆ ನೋಡು, ಹುಳ ಕೊರೆದ ಹಾಗೆ. ನವೆಂಬರ್. ಚರ್ಚಿನ ಸಂತೆ, ಕೆಂಟಕಿಯ ಹೆಂಗಸು."

ನವೆಂಬರ್ ಅಂದರೆ ಹೋದ ನವೆಂಬರ್. ಅವನು ಬರೆದ ಕೊನೆಯ ಚೀಟಿ. ಅಕ್ಷರ ಸ್ವಲ್ಪ ವಾಲಿತ್ತು. ಜೆಲ್ಲಾ ಅದನ್ನು ಮೇಜಿನ ಮೇಲೆ ಅಂಗೈಯಿಂದ ನೇರ ಮಾಡಿದಳು. ಚಾಕು ತೆಗೆದುಕೊಂಡು ನೋಡಿದಳು. ಅಲಗಿನ ಬುಡದಲ್ಲಿ ಬ್ರಾಕ್ ಬ್ರದರ್ಸ್ ಅಂತ ಅಂಗಡಿಯ ಹೆಸರು. ಮೂಳೆ ಹುಳ ಕೊರೆದ ಹಾಗೆಯೇ ಇತ್ತು. ಮಡಚಿದಳು.

ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ ಸದ್ದಾಯಿತು.

ಮತ್ತೆ ಬಿಚ್ಚಿ ಮಡಚಿದಳು. ಮತ್ತೆ.

"ಏನಾಯ್ತು?" ಅಂದ ಹೋಬರ್ಟ್.

"ಇದು ಗುಡ್ಡ."

"ಮೂಳೆ ನೋಡು ಜೆಲ್ಲಾ. ಕಣ್ಣು ಕುರುಡಾದವನೂ ಮುಟ್ಟಿ ಹೊಳೆ ಅಂತಾನೆ."

"ಕಣ್ಣು ಕುರುಡಾಗಬಹುದು. ನನ್ನ ಕಿವಿ ಕಿವುಡಾಗಿಲ್ಲ."

ಅವಳಿಗೆ ಹೆದರಿಕೆ ಹುಟ್ಟಿತು. ಇದು ಈ ಚೀಟಿಯದಲ್ಲ ಅಂದರೆ ಈ ಚೀಟಿಯ ಚಾಕು ಬೇರೆ ಯಾವುದೋ ಚೀಟಿಯ ಜೊತೆ ಕೂತಿದೆ. ಒಂದು ತಪ್ಪಿದರೆ ಎರಡು ತಪ್ಪಿದ ಹಾಗೆ. ಎರಡು ತಪ್ಪಿದರೆ ಎಷ್ಟು ತಪ್ಪಿದೆಯೋ ಯಾರಿಗೆ ಗೊತ್ತು. ಹೋಬರ್ಟ್ ನಿಟ್ಟುಸಿರುಬಿಟ್ಟ, ಅಂಗಿಯ ತೋಳು ಮಡಚಿದ. ಎಲ್ಲವನ್ನೂ ಮೊದಲಿಂದ ನೋಡಿದರು. ಎರಡು ದಿನ ಹಿಡಿಯಿತು. ಅರವತ್ತೊಂದೂ ಸರಿಯಾಗಿದ್ದವು. ಕಣ್ಣಿಗೂ ಸರಿ, ಕಿವಿಗೂ ಸರಿ, ದಾರಿಗೂ ಸರಿ.

"ಹಾಗಾದ್ರೆ ಈ ಚೀಟಿ ಈ ಚಾಕೂದೇ," ಅಂದ ಹೋಬರ್ಟ್. "ಕೆಂಟಕಿ ಹೆಂಗಸು ನಿನಗೆ ನೆನಪಿದೆಯಾ?"

"ನೆನಪಿದೆ. ದಪ್ಪಗಿದ್ಲು. ನನಗೆ ಕುರ್ಚಿ ಕೊಟ್ಲು. ಓರ್ಬಿನ್ ಮನೆಗೆ ಬರೋ ತನಕ ಚಾಕೂನ ಅಂಗಿ ಜೇಬಿಂದ ತೆಗೀಲೇ ಇಲ್ಲ. ಬ್ರಾಕ್ ಅಂತ ನಾಲ್ಕು ಸಲ ಹೇಳಿದ."

"ಮತ್ತೆ?"

"ಮತ್ತೆ ಏನು. ಭೂತಗನ್ನಡಿ ಕೊಡು."

ಕಿಟಕಿಯ ಹತ್ತಿರ ನಿಂತು ನೋಡಿದಳು. ಹಿಡಿಯ ಮೂಳೆಯನ್ನು ಹಿಡಿದ ಮೊಳೆಗಳು ಮೂರು. ಒಂದರ ಪಕ್ಕದಲ್ಲೇ, ತಗಡಿನ ಅಂಚಿನಲ್ಲಿ, ಮುಚ್ಚಿದ ಹಳೆಯ ತೂತಿನ ಗುರುತು, ಕಡಲೆಕಾಳಿಗಿಂತ ಎಷ್ಟೋ ಚಿಕ್ಕದು. ಮೊಳೆಯ ತಲೆ ಹೊಸದು. ಅವಳು ಕನ್ನಡಿಯನ್ನು ಹೋಬರ್ಟ್‌ಗೆ ಕೊಟ್ಟಳು. ಅವನು ತುಂಬ ಹೊತ್ತು ನೋಡಿದ. ಕತ್ತು ಕೆರೆದುಕೊಂಡ.

"ಯಾರೋ ಹಿಡಿ ಬದಲಾಯಿಸಿದ್ದಾರೆ," ಅಂದ ಮೆಲ್ಲಗೆ. "ಗುಡ್ಡದ ಚಾಕು. ಮೂಳೆ ಒಡೆದಿರಬೇಕು. ಮುರಿದ ಹೊಳೆ ಚಾಕೂದು ಮೂಳೆ ತೆಗೆದು ಇದಕ್ಕೆ ಹಾಕಿದ್ದಾರೆ, ಸದ್ದು ಮಾಡೋ ಅಲಗು ಹಳೇದೇ. ಒಳ್ಳೇ ಕೈ. ಕಟ್ಟೆ ಮೇಲೆ ಯಾರಿಗೆ ಕೊಟ್ರೂ ಮೋಸ ಹೋಗ್ತಿದ್ರು. ನಾನೂ ಹೋದೆ."

"ಓರ್ಬಿನ್ ಹೋಗ್ತಿರಲಿಲ್ಲ."

"ಹೋದನಲ್ಲ."

ಜೆಲ್ಲಾ ಕೂತಳು. ಓರ್ಬಿನ್ ಯಾವ ಚಾಕುವನ್ನೂ ಕಣ್ಣಿಂದ ಮಾತ್ರ ನೋಡಿದವನಲ್ಲ. ಹತ್ತು ಸಲ ಮಡಚದೆ ಚೀಟಿ ಬರೆದವನಲ್ಲ. ಇದನ್ನೂ ಮಡಚಿದ್ದ. ನವೆಂಬರಿನಲ್ಲಿ ಇದೇ ಕುರ್ಚಿಯಲ್ಲಿ ಕೂತು ಟಕ್ ಟಕ್ ಮಾಡಿದ್ದ. ಅವಳು ನಿಲ್ಲಿಸು ಅಂತ ಕೂಗಿದ್ದಳು. ಅವನು ನಿಲ್ಲಿಸಿರಲಿಲ್ಲ. ಬೇಕೆಂತಲೇ ಮಾಡುತ್ತಾನೆ ಅಂತ ಅವಳಿಗೆ ಸಿಟ್ಟು ಬಂದಿತ್ತು. ಕೊನೆಯ ಎರಡು ವರ್ಷ ಹಾಗೇ ಆಗಿತ್ತು. ಕರೆದರೆ ತಿರುಗುತ್ತಿರಲಿಲ್ಲ. ಏನು ಹೇಳಿದರೂ ಹೂಂ ಅನ್ನುತ್ತಿದ್ದ. ಚರ್ಚಿನಲ್ಲಿ ಉಳಿದವರು ಎದ್ದ ಮೇಲೆ ಏಳುತ್ತಿದ್ದ. ಮುಪ್ಪಿನ ಹಟ ಅಂದುಕೊಂಡಿದ್ದಳು.

"ಹೋಬರ್ಟ್. ಅವನಿಗೆ ಕಿವಿ ಕೇಳ್ತಿರಲಿಲ್ಲ ಅಲ್ವಾ?"

ಹೋಬರ್ಟ್ ಚಾಕುವನ್ನು ಟವಲಿನ ಮೇಲೆ ಇಟ್ಟ. ಅದನ್ನು ನೇರ ಮಾಡಿದ.

"ನನಗಿಂತ ಜಾಸ್ತಿ ಹೋಗಿತ್ತು. ನಾನು ಕೂಗಿ ಮಾತಾಡ್ತಿದ್ದೆ. ನಿನಗೆ ಹೇಳಬೇಡ ಅಂದಿದ್ದ."

"ಯಾಕೆ?"

"ಹೇಳಿದ್ರೆ ಇವಳು ಬೈಯೋದು ನಿಲ್ಲಿಸ್ತಾಳೆ ಅಂದ. ತುಟಿ ನೋಡಿದ್ರೆ ಸಾಕು, ಏನು ಬೈತಿದ್ದಾಳೆ ಅಂತ ನನಗೆ ಗೊತ್ತಾಗುತ್ತೆ ಅಂದ."

ಜೆಲ್ಲಾ ಎದ್ದು ಒಲೆ ಆರಿಸಿದಳು. ಬ್ರೆಡ್ಡು ಆಗಲೇ ಸೀದಿತ್ತು. ಸೀದದ್ದನ್ನು ಹೆರೆದು ತಟ್ಟೆಗೆ ಹಾಕಿದಳು, ಬೀನ್ಸು ಬಡಿಸಿದಳು. ಇಬ್ಬರೂ ತಿಂದರು. ತಿಂದ ಮೇಲೆ ಹೋಬರ್ಟ್ ಟೋಪಿ ಕೈಗೆ ತೆಗೆದುಕೊಂಡ.

"ಬಿಟ್ಬಿಡು ಜೆಲ್ಲಾ. ಅವನು ಬರೆದಹಾಗೇ ಇಡೋಣ. ಲೈಬ್ರರಿಗೆ ಬರೋರಿಗೆ ಹೊಳೆ ಯಾವುದು ಗುಡ್ಡ ಯಾವುದು ಏನು ಗೊತ್ತು? ನೀನೂ ಹೇಳಬೇಡ, ನಾನೂ ಹೇಳಲ್ಲ. ಕೊನೇ ಚೀಟಿ ಅವನದ್ದು."

"ಅದೇ ಯೋಚನೆ ಮಾಡ್ತಿದ್ದೀನಿ," ಅಂದಳು.

ಮೂರು ದಿನ ಯೋಚನೆ ಮಾಡಿದಳು. ಆ ಚೀಟಿಯ ಮೇಲೆ ಅವನ ಬೆರಳಿನ ಎಣ್ಣೆಯ ಗುರುತಿತ್ತು. ಅಕ್ಷರದ ವಾಲಿಕೆ ಅವಳಿಗೆ ಬಾಯಿಪಾಠವಾಗಿತ್ತು. ಅದನ್ನು ತೆಗೆದರೆ ಅವನ ಕೈಯನ್ನೇ ಪಕ್ಕಕ್ಕೆ ಸರಿಸಿದ ಹಾಗೆ. ತೆಗೆಯದಿದ್ದರೆ? ಅವನು ಮೂವತ್ತೆಂಟು ವರ್ಷ ಹುಡುಕಿದ್ದು ಒಂದೇ. ಯಾರೋ ಮಾಡಿದ ವಸ್ತುವಿನ ಮೇಲೆ ಇನ್ನೊಬ್ಬರ ಹೆಸರು ಕೂತಿದೆ, ಮಾಡಿದವನ ಹೆಸರು ಹುಡುಕಿ ಕೊಡಬೇಕು. ಅದಕ್ಕಾಗಿ ಅವನು ಕಟ್ಟೆಯ ಮೇಲೆ ಎಷ್ಟೋ ಜನರ ಜೊತೆ ಜಗಳವಾಡಿದ್ದ. ಒಬ್ಬನ ತಪ್ಪು ಚೀಟಿಯನ್ನು ಅವನ ಕಣ್ಣೆದುರೇ ಹರಿದುಹಾಕಿದ್ದ. ಈಗ ಗುಡ್ಡದವರು ಮಾಡಿದ ಚಾಕುವನ್ನು ಹೊಳೆಯದು ಅಂತ ಗಾಜಿನೊಳಗೆ ಇಟ್ಟು ಬೀಗ ಹಾಕುವುದೇ?

ಅವನು ಇದ್ದಿದ್ದರೆ ಹೇಳುತ್ತಿದ್ದಳು. ಮುಖದ ಮುಂದೆ ನಿಂತು, ತುಟಿ ಕಾಣುವ ಹಾಗೆ, ತಪ್ಪು ಬರೆದಿದ್ದೀಯ ಅಂತ. ಅವನು ಮೂರು ದಿನ ಮುಖ ಊದಿಸಿಕೊಂಡು, ನಾಲ್ಕನೇ ದಿನ ಹೊಸ ಚೀಟಿ ಬರೆಯುತ್ತಿದ್ದ. ಮದುವೆಯಾದ ನಲವತ್ತಾರು ವರ್ಷದಲ್ಲಿ ಅವನಿಗೆ ಗೊತ್ತಿಲ್ಲದ ಒಂದು ಚಾಕುವಿನ ಸಂಗತಿ ಅವಳಿಗೆ ಗೊತ್ತಾದದ್ದು ಇದೇ ಮೊದಲು. ಹೇಳೋಣವೆಂದರೆ ಅವನಿಲ್ಲ.

ಮೇ ಮೊದಲ ಸೋಮವಾರ ಹೋಬರ್ಟ್ ಟ್ರಕ್ಕು ತಂದ. ಲೈಬ್ರರಿಯಲ್ಲಿ ಮಿಸ್ ನೆಟಿ ಗಾಜಿನ ಪೆಟ್ಟಿಗೆಗೆ ಹಸಿರು ಬಟ್ಟೆ ಹಾಸಿ ಕಾಯುತ್ತಿದ್ದಳು. ಹೋಬರ್ಟ್ ಚಾಕು ಇಡುತ್ತ ಹೋದ, ಜೆಲ್ಲಾ ಚೀಟಿ ಇಡುತ್ತ ಹೋದಳು. ಅರವತ್ತೊಂದು ಆಯಿತು. ಕೊನೆಯದನ್ನು ಇಟ್ಟಾಗ ಮಿಸ್ ನೆಟಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

"ಮಿಸ್ ಜೆಲ್ಲಾ, ಇದೊಂದು ಬೇರೆ ಕೈಬರಹ ಇದೆಯಲ್ಲ."

"ನನ್ನದು."

"ಓರ್ಬಿನ್ ಅವರದ್ದು ಸಿಗಲಿಲ್ವಾ? ಎಲ್ಲಾ ಅವರದ್ದೇ ಇದ್ದಿದ್ರೆ ಚೆನ್ನಾಗಿರ್ತಿತ್ತು. ಅವರ ನೆನಪಿಗೆ ಅಂತ ಇಡ್ತಿರೋದಲ್ವಾ."

"ಸಿಕ್ತು. ತಪ್ಪಿತ್ತು."

ಹೋಬರ್ಟ್ ಕಿಟಕಿಯ ಕಡೆ ತಿರುಗಿ ನಿಂತ. ಮಿಸ್ ನೆಟಿ ಇಬ್ಬರ ಮುಖವನ್ನೂ ನೋಡಿ, ಚೀಟಿಯನ್ನು ಗಟ್ಟಿಯಾಗಿ ಓದಿದಳು. ಅಕ್ಷರ ದೊಡ್ಡದು, ಒತ್ತಿ ಬರೆದದ್ದು, ಎರಡು ಕಡೆ ಹೊಡೆದು ತಿದ್ದಿತ್ತು.

"ಗುಡ್ಡ. ಮೂಳೆ ಹೊಳೆಯದು, ಆಮೇಲೆ ಯಾರೋ ಹಾಕಿದ್ದು. ಹಳೇ ತೂತು ನೋಡು. ಸದ್ದು ಕೇಳು. ನವೆಂಬರ್. ಚರ್ಚಿನ ಸಂತೆ, ಕೆಂಟಕಿಯ ಹೆಂಗಸು. ಓರ್ಬಿನ್ ಹೊಳೆ ಅಂದ. ಅವನಿಗೆ ಕಿವಿ ಕೇಳುತ್ತಿರಲಿಲ್ಲ, ನನಗೆ ಹೇಳಲಿಲ್ಲ. ಜೆಲ್ಲಾ ಟೀಗ್."

"ಇಷ್ಟೆಲ್ಲಾ ಬರೀಬೇಕಾ?" ಅಂದಳು ಮಿಸ್ ನೆಟಿ ಮೆತ್ತಗೆ. "ಕೊನೇ ಸಾಲು?"

"ಬೇಕು," ಅಂದಳು ಜೆಲ್ಲಾ. "ಅದಿಲ್ದೆ ಹೋದ್ರೆ ಅವನಿಗೆ ಚಾಕು ಗೊತ್ತಿರಲಿಲ್ಲ ಅಂದ್ಕೊಳ್ತಾರೆ."

ಮಿಸ್ ನೆಟಿ ಗಾಜಿನ ಬಾಗಿಲು ಮುಚ್ಚಿ ಬೀಗ ಹಾಕಿದಳು.